ಕುರ್ಚಿಯಿಲ್ಲದ ಐದು ಜನ

ಜನವರಿ 6

ಅಕ್ಕಾ,

ಫೋನ್ ಮಾಡಬೇಡಿ, ಕಿವಿ ಗುಂಯ್ ಅನ್ನುತ್ತದೆ, ಹೇಳುವುದಿದ್ದರೆ ಕಾಗದ ಬರೆಯಿರಿ ಅಂದೆಯಲ್ಲ, ಅದಕ್ಕೇ ಇದು. ಅಮ್ಮನಿಗೆ ಹಿಡಿಸಿಲ್ಲ. "ಹೆತ್ತ ಮಗಳ ದನಿ ಕೇಳೋಕೂ ಪುಣ್ಯ ಮಾಡಿರಬೇಕೇನೋ" ಅಂತ ಹೊಲಿಗೆ ಮಿಷಿನ್ನಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಳೆ. ಬೆಳಗಿನಿಂದ ದಾರ ಎರಡು ಸಲ ಕಿತ್ತುಹೋಯಿತು.

ನನಗೆ ಕೆಲಸ ಸಿಕ್ಕಿದೆ. ಆಫೀಸ್ ಇಲ್ಲದ ಆಫೀಸಿನವರು ಬಂದು ಕೂರುವ ಹಾಲ್ ಒಂದಿದೆ, ಅಲ್ಲಿ. ಒಬ್ಬೊಬ್ಬರದ್ದು ಒಂದೊಂದು ಕಂಪನಿ. ಯಾರದ್ದೂ ಈ ಊರಿನದ್ದಲ್ಲ. ಕುರ್ಚಿ ಬಾಡಿಗೆಗೆ ಹಿಡಿದು, ಕಂಪ್ಯೂಟರ್ ತೆರೆದು, ಸಂಜೆಯವರೆಗೆ ಇರುತ್ತಾರೆ. ಮೊದಲು ಅದು ಬಟ್ಟೆ ಅಂಗಡಿಯಾಗಿತ್ತಂತೆ. ಬಟ್ಟೆ ಹಾಕಿ ನೋಡುವ ನಾಲ್ಕು ಗೂಡುಗಳನ್ನು ಈಗ ಫೋನಿನಲ್ಲಿ ಮಾತಾಡುವ ಗೂಡು ಮಾಡಿದ್ದಾರೆ. ಕನ್ನಡಿ ಮಾತ್ರ ತೆಗೆದಿಲ್ಲ. ಯಾರಿಗೋ ಬೈಯಲು ಒಳಗೆ ಹೋದವರು ಮೊದಲು ತಲೆ ಸರಿಮಾಡಿಕೊಳ್ಳುತ್ತಾರೆ, ಆಮೇಲೆ ಬೈಯುತ್ತಾರೆ.

ಒಟ್ಟು ಮೂವತ್ತಾರು ಕುರ್ಚಿ. ಮೇಜು ಒರೆಸುವುದು, ಕಪ್ಪು ತೊಳೆಯುವುದು, ನೀರು ತುಂಬಿಸುವುದು ನನ್ನ ಕೆಲಸ. ಯಾವ ಮೇಜಿಗೂ ಡ್ರಾಯರ್ ಇಲ್ಲ, ಯಾವ ಕುರ್ಚಿಯೂ ಯಾರದ್ದೂ ಅಲ್ಲ. ಹೆಸರು ಕೇಳಲು ನನಗೆ ನಾಚಿಕೆ. ಅವರು ಬಿಟ್ಟುಹೋಗುವುದರ ಮೇಲೆ ನಾನೇ ಹೆಸರಿಟ್ಟುಕೊಂಡಿದ್ದೇನೆ. ಪೆನ್ಸಿಲ್ ಸಿಪ್ಪೆ ಸಾರ್, ಬಿಸ್ಕತ್ತಿನ ಪುಡಿ ಮೇಡಂ, ಒದ್ದೆ ಛತ್ರಿ ಅಣ್ಣ. ಸಂಜೆ ಎಲ್ಲ ಒರೆಸಿಬಿಟ್ಟರೆ ಆ ದಿನ ಯಾರೂ ಬಂದೇ ಇರಲಿಲ್ಲವೇನೋ ಅನ್ನಿಸುತ್ತದೆ.

ಇನ್ನೊಂದು ವಿಷಯ. ಎದುರುಮನೆ ಆಂಟಿ "ದೊಡ್ಡವಳು ಏನು ಮಾಡ್ತಿದಾಳೆ?" ಅಂತ ಕೇಳಿದರು. ಅಮ್ಮ "ಮನೇಲೇ ಇದಾಳೆ" ಅಂದಳು. ಅಷ್ಟೇ ಸಾಕಾಯಿತು. ಮಾರನೇ ದಿನ ಆಂಟಿ ಸಾವಿನ ಮನೆಗೆ ಬಂದ ಹಾಗೆ ಮುಖ ಮಾಡಿಕೊಂಡು ಬಂದರು. "ಹೋಗ್ಲಿ ಬಿಡಿ, ಕೆಲಸ ಅಂದ್ಮೇಲೆ ಬರುತ್ತೆ, ಹೋಗುತ್ತೆ." ಅಮ್ಮ "ಅಯ್ಯೋ, ಹೋಗಿಲ್ಲಮ್ಮ! ಮನೇಲಿ ಕೂತೇ ಕೆಲಸ ಮಾಡ್ತಾಳೆ" ಅಂದಳು. "ಹೌದೌದು, ಮನೆ ಅಂದ್ಮೇಲೆ ಕೆಲಸ ಇದ್ದೇ ಇರುತ್ತಲ್ಲ" ಅಂದರು ಆಂಟಿ.

ಅಮ್ಮ ಆವತ್ತು ಸರಿಯಾಗಿ ಊಟ ಮಾಡಲಿಲ್ಲ. ನಿಮ್ಮ ಆಫೀಸು ಮುಚ್ಚಿ ಎರಡು ವರ್ಷವಾಯಿತು, ಆ ಊರಿನಲ್ಲಿ ಒಂದೇ ರೂಮಿನಲ್ಲಿ ಒಬ್ಬಳೇ ಕೂತು ನೀನು ಏನು ಮಾಡುತ್ತೀ ಅಂತ ನನ್ನನ್ನು ಕೇಳುತ್ತಾಳೆ. ನನಗೇನು ಗೊತ್ತು? ನೀನೇ ಬರಿ. ನಾನು ಓದಿ ಹೇಳುತ್ತೇನೆ.

ನಿನ್ನ
ಮೂಗಿ


ಜನವರಿ 19

ಮೂಗೀ,

ಬಾಯೇ ಬಿಡದ ಹುಡುಗಿ ಕಾಗದದಲ್ಲಿ ಇಷ್ಟು ಮಾತಾಡುತ್ತಾಳೆ ಅಂತ ಗೊತ್ತಿದ್ದರೆ ಫೋನನ್ನು ಯಾವತ್ತೋ ಬಿಡುತ್ತಿದ್ದೆ. ತಲೆ ಸರಿಮಾಡಿಕೊಂಡು ಬೈಯುವವರನ್ನು ನೆನೆದು ನೆನೆದು ನಕ್ಕೆ.

ಅಮ್ಮನಿಗೆ ನನ್ನ ಕೆಲಸ ಹೀಗೆ ಹೇಳು. ಎಲ್ಲೋ ಜನ ಕೂತು ಮೀಟಿಂಗ್ ಮಾಡುತ್ತಾರೆ. ಅವರ ಮಾತು ರೆಕಾರ್ಡ್ ಆಗಿ ನನ್ನ ಹತ್ತಿರ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಒಂದು ಮಾತೂ ಬಿಡದೆ ಟೈಪ್ ಮಾಡಿ ಕಳಿಸಬೇಕು. ಕೆಮ್ಮಿದರೆ ಕೆಮ್ಮು, ನಕ್ಕರೆ ನಗು, ಸುಮ್ಮನಿದ್ದರೆ ಎಷ್ಟು ಹೊತ್ತು ಸುಮ್ಮನಿದ್ದರು ಅನ್ನುವುದೂ. ನನ್ನದು ಅಂತ ಒಂದಕ್ಷರ ಸೇರಿಸುವ ಹಾಗಿಲ್ಲ.

ಈಗ ಒಳ್ಳೆಯ ಸುದ್ದಿ. ನಾನಿನ್ನು ಮನೇಲಿಲ್ಲ. ಕಂಪನಿಯವರು ಇಲ್ಲೇ ಹತ್ತಿರದಲ್ಲಿ ಮತ್ತೆ ಆಫೀಸ್ ತೆರೆದಿದ್ದಾರೆ. ಒಂದನೇ ತಾರೀಕಿನಿಂದ ಹೋಗುತ್ತಿದ್ದೇನೆ. ನನ್ನನ್ನು ಬಿಟ್ಟು ಐದು ಜನ. ದೊಡ್ಡ ಸಾಹೇಬರೊಬ್ಬರಿದ್ದಾರೆ, ಪ್ರತಿ ಮಾತಿಗೂ ಮೊದಲು "ನೋಡಿ ಇವರೇ" ಅನ್ನುತ್ತಾರೆ, ಇವರು ಯಾರು ಅಂತ ಅವರಿಗೇ ಗೊತ್ತಿರುವುದಿಲ್ಲ. ಒಬ್ಬರು ಮೇಡಂ ಜೋಕು ಮುಗಿಯುವ ಮೊದಲೇ ನಗುತ್ತಾರೆ. ಒಬ್ಬರು ಹಿರಿಯರು, ಗಂಟಲು ಸರಿಮಾಡಿಕೊಂಡರೆ ಏನೋ ಬೇಡ ಅನ್ನುತ್ತಾರೆ ಅಂತ ಅರ್ಥ. ಇನ್ನೊಬ್ಬರು ಎಲ್ಲದಕ್ಕೂ "ಹ್ಞೂ, ಹ್ಞೂ". ಕೊನೆಯದಾಗಿ ಒಬ್ಬಳು ಹುಡುಗಿ, ಬಾಯಿ ತೆರೆದರೆ ಮೊದಲು "ಕ್ಷಮಿಸಿ" ಅನ್ನುತ್ತಾಳೆ. ನಿನ್ನ ವಯಸ್ಸಿರಬಹುದು.

ಎದುರುಮನೆಯವರಿಗೆ ಇಷ್ಟು ಸಾಕಲ್ಲ?

ಅಕ್ಕ


ಫೆಬ್ರವರಿ 2

ಅಕ್ಕಾ,

ಸಾಕಾ ಅಂತ ಕೇಳುತ್ತೀಯಲ್ಲ! ಅಮ್ಮ ಮೂರು ಸಲ ಓದಿಸಿದಳು. ಬೀದಿಯಲ್ಲಿ ನಾಯಿಯೊಂದನ್ನು ಬಿಟ್ಟು ಎಲ್ಲರಿಗೂ ಹೇಳಿಯಾಯಿತು. ಈಗ ಪ್ರಶ್ನೆ ಶುರುವಾಗಿದೆ. ನಗುವ ಮೇಡಂಗೆ ಮದುವೆಯಾಗಿದೆಯಾ? "ಕ್ಷಮಿಸಿ" ಹುಡುಗಿಗೆ ಅಪ್ಪ ಅಮ್ಮ ಇದ್ದಾರಾ? "ನೋಡಿ ಇವರೇ" ಸಾಹೇಬರು ದಪ್ಪಗಿದ್ದಾರಾ? ದಪ್ಪಗಿರಲೇಬೇಕು ಅಂತ ಅಮ್ಮನ ವಾದ. ಮಿಷಿನ್ನಿನ ಮುಂದೆ ಕೂತು ತಾನೇ "ನೋಡಿ ಇವರೇ, ಆ ಕತ್ತರಿ ಕೊಡಿ" ಅನ್ನುತ್ತಾಳೆ.

ನಮ್ಮ ಹಾಲಿನಲ್ಲೊಂದು ಸಂಗತಿ ನಡೆದಿದೆ. ಹಾಲನ್ನು ಬದಲಾಯಿಸುತ್ತಾರಂತೆ. ಟೇಪು ಹಿಡಿದುಕೊಂಡು ಅಳೆಯುವವರು ಬಂದಿದ್ದರು. ಮ್ಯಾನೇಜರ್ ಸಾರ್ ಎಲ್ಲರಿಗೂ ಒಂದು ಫಾರ್ಮ್ ಕೊಟ್ಟು ನಿಮಗೇನು ಬೇಕು ಬರೆಯಿರಿ ಅಂದರು. ಎಲ್ಲರೂ ಒಂದೇ ಬರೆದಿದ್ದಾರೆ: ಶಾಂತಿ ಬೇಕು, ಗಲಾಟೆ ಬೇಡ. ಹಾಗಾಗಿ ಪ್ರತಿ ಕುರ್ಚಿಗೂ ಮೂರು ಕಡೆ ಅಡ್ಡ ಹಲಗೆ ಬರುತ್ತದೆ. ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ.

ಅಕ್ಕಾ, ನನಗೆ ಗೊತ್ತಿರುವುದೇ ಬೇರೆ. ಹಾಲಿನ ಹಿಂದುಗಡೆ ಮೂಲೆಯಲ್ಲಿ ಒಂಬತ್ತು ಕುರ್ಚಿ ಇವೆ. ಸದ್ದಿಲ್ಲ, ಒಳ್ಳೆಯ ಬೆಳಕು. ಅಲ್ಲಿ ನಾನು ಒರೆಸುವುದು ಬರೀ ಧೂಳು. ಕಪ್ಪಿನ ಕಲೆ ಇಲ್ಲ, ಬಿಸ್ಕತ್ತಿನ ಪುಡಿ ಇಲ್ಲ, ಏನೂ ಇಲ್ಲ. ಶಾಂತಿ ಬೇಕು ಅಂತ ಬರೆದವರೆಲ್ಲ ನಾನು ಕಪ್ಪು ತೊಳೆಯುವ ಸಿಂಕಿನ ಪಕ್ಕದ ಉದ್ದ ಮೇಜಿಗೇ ಬಂದು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುತ್ತಾರೆ. ಪೆನ್ಸಿಲ್ ಸಿಪ್ಪೆ ಸಾರ್ ಅಂತೂ ನಾನು ಕಪ್ಪು ಬೀಳಿಸಿದರೆ "ಒಡೀತಾ?" ಅಂತ ಖುಷಿಯಿಂದ ತಲೆಯೆತ್ತುತ್ತಾರೆ. ಇಡೀ ದಿನದಲ್ಲಿ ಅವರು ಆಡುವ ಮಾತು ಅದೊಂದೇ.

ಹಲಗೆ ಹಾಕಿದರೆ ಅವರು ಮತ್ತೆ ಬರುವುದಿಲ್ಲ ಅಂತ ನನಗನ್ನಿಸುತ್ತದೆ. ಆದರೆ ಒರೆಸುವವಳ ಮಾತು ಯಾರು ಕೇಳುತ್ತಾರೆ? ಸಾರ್ ಎದುರು ನಿಂತರೆ ನನ್ನ ನಾಲಿಗೆ ಮೇಲೇಳುವುದಿಲ್ಲ.

ಮೂಗಿ


ಫೆಬ್ರವರಿ 16

ಮೂಗೀ,

ನೀನು ನೋಡಿದ್ದನ್ನು ಟೇಪು ಹಿಡಿದವರು ನೋಡಿಲ್ಲ. ಬಾಯಿ ಬರದಿದ್ದರೆ ಬಿಡು, ಬರೆದು ಕೊಡು. ನಾಲಿಗೆ ಕೈಕೊಟ್ಟರೆ ಕೈ ಇದೆಯಲ್ಲ.

ತಮಾಷೆ ಅಂದರೆ ನಮ್ಮ ಆಫೀಸಿನಲ್ಲೂ ಈಗ ಅದೇ ಚರ್ಚೆ. ಕಂಪನಿಗೆ ಮನೆಯಿಂದ ಕೆಲಸ ಮಾಡುವವರು ನೂರಾರು ಜನರಿದ್ದಾರೆ, ಅವರು ಎಲ್ಲಿ ಕೂರಬೇಕು, ಅವರಿಗಾಗಿ ಅಲ್ಲಲ್ಲಿ ಸಣ್ಣ ಜಾಗ ಮಾಡಬೇಕಾ ಬೇಡವಾ ಅಂತ. ವಾರಕ್ಕೊಮ್ಮೆ ಐದೂ ಜನ ಇದನ್ನೇ ಜಗಿಯುತ್ತಾರೆ. ಹಿರಿಯರು ಹೋದ ವಾರ ಏಳು ಸಲ ಗಂಟಲು ಸರಿಮಾಡಿಕೊಂಡರು.

ಮೊನ್ನೆ "ಕ್ಷಮಿಸಿ" ಹುಡುಗಿ ಏನೋ ಹೇಳಲು ಹೋಗಿ ಸಾಹೇಬರಿಂದ ಬೈಸಿಕೊಂಡಳು. ಅತ್ತುಬಿಟ್ಟಳು. ಎಲ್ಲರೂ ಸುಮ್ಮನಾದರು. ಹನ್ನೊಂದು ಸೆಕೆಂಡ್. ಯಾರೂ ಒಂದು ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಯಾಕೋ ಅದು ತಲೆಯಿಂದ ಹೋಗುತ್ತಿಲ್ಲ. ಇದನ್ನು ಅಮ್ಮನಿಗೆ ಓದಬೇಡ.

ಅಕ್ಕ


ಮಾರ್ಚ್ 3

ಅಕ್ಕಾ,

ಓದಬೇಡ ಅನ್ನುವುದನ್ನು ಕೊನೆಯ ಸಾಲಿನಲ್ಲಿ ಬರೆದರೆ ನಾನೇನು ಮಾಡಲಿ? ಅಷ್ಟರಲ್ಲಿ ಓದಿಯಾಗಿತ್ತು.

ಅಮ್ಮ ಮಿಷಿನ್ ನಿಲ್ಲಿಸಿದಳು. "ಪಕ್ಕದಲ್ಲಿ ಕೂತ ಹುಡುಗಿ ಅಳ್ತಿದ್ರೆ ಇವಳು ಸೆಕೆಂಡ್ ಎಣಿಸ್ತಾ ಕೂತಿದ್ಲಾ? ಒಂದು ಲೋಟ ನೀರು ಕೊಡೋಕೆ ಏನು ಬಂದಿತ್ತು ರೋಗ? ನನ್ನ ಹೊಟ್ಟೇಲಿ ಹುಟ್ಟಿದವಳೇನೇ ಅದು?" ನಾನು "ಕೈ ತುಂಬ ಕೆಲಸ ಇತ್ತೇನೋ ಅಮ್ಮ" ಅಂದೆ. "ನೀನು ಸುಮ್ನಿರು, ಅವಳ ವಕೀಲೆ" ಅಂದಳು. ಚಿಕ್ಕಂದಿನಲ್ಲಿ ಬೀದಿಯಲ್ಲಿ ಯಾರ ಮಗು ಅತ್ತರೂ ಎತ್ತಿಕೊಂಡು ಮನೆಗೇ ತರುತ್ತಿದ್ದೆಯಂತೆ ನೀನು. ನಾಲ್ಕು ಜನ ತಾಯಂದಿರು ಜಗಳಕ್ಕೆ ಬಂದಿದ್ದರಂತೆ.

ಸಿಟ್ಟು ಇಳಿದ ಮೇಲೆ ಅಮ್ಮ ಒಂದು ತೀರ್ಮಾನಕ್ಕೆ ಬಂದಿದ್ದಾಳೆ. ನಿಮ್ಮ ಆಫೀಸಿನ ಐದೂ ಜನಕ್ಕೆ ಕೂರುವ ದಿಂಬು ಹೊಲಿಯುತ್ತಾಳೆ. ಹುಡುಗಿಯದಕ್ಕೆ ಮಾತ್ರ ಅಂಚಿಗೆ ನೆರಿಗೆ. "ಕೂರೋ ಜಾಗ ಮೆತ್ತಗಿದ್ರೆ ಮಾತೂ ಮೆತ್ತಗಾಗುತ್ತೆ" ಅನ್ನುತ್ತಾಳೆ. ಕುರ್ಚಿಗಳ ಅಳತೆ ಬೇಕು. ಚೌಕವೋ ದುಂಡೋ, ಕೈ ಇದೆಯೋ ಇಲ್ಲವೋ, ಯಾರದ್ದು ಎಂಥದ್ದು ಬರಿ.

ನಾನು ನೀನು ಹೇಳಿದ ಹಾಗೆ ಮಾಡಿದೆ. ಬರೆಯಲು ಮಾತು ಕೂಡಿಬರಲಿಲ್ಲ. ಅದಕ್ಕೆ ಹಾಲಿನ ಚಿತ್ರ ಬರೆದು, ಮೂವತ್ತಾರು ಕುರ್ಚಿಗೆ ಮೂವತ್ತಾರು ಸೊನ್ನೆ ಹಾಕಿ, ಯಾರಾದರೂ ಕೂತು ಎದ್ದುಹೋದ ಕುರ್ಚಿಗೆ ಪ್ರತಿ ಸಲ ಒಂದು ಚುಕ್ಕಿ ಇಟ್ಟೆ. ವಾರವಾದ ಮೇಲೆ ಸಾರ್ ಮೇಜಿನ ಮೇಲಿಟ್ಟು ಓಡಿಬಂದೆ. ಅವರು ಕರೆದರು. "ಏನಮ್ಮ ಇದು, ಹಾಲಿಗೆ ಸಿಡುಬು ಎದ್ದಿದ್ಯಾ?" ಅಂತ ನಕ್ಕರು. ನಾನು ಬೆರಳಿನಿಂದ ಸಿಂಕನ್ನು ತೋರಿಸಿದೆ, ಆಮೇಲೆ ಆ ಒಂಬತ್ತು ಸೊನ್ನೆಗಳನ್ನು ತೋರಿಸಿದೆ. ಅವರ ನಗು ನಿಂತಿತು. ತುಂಬ ಹೊತ್ತು ನೋಡಿದರು. "ಬರೆದಿದ್ದೊಂದು, ಕೂತಿದ್ದೊಂದು" ಅಂದರು. ಅಷ್ಟೇ.

ಮೂಗಿ


ಮಾರ್ಚ್ 12

ಮೂಗೀ,

ದಿಂಬು ಗಿಂಬು ಬೇಡ ಅಂತ ಅಮ್ಮನಿಗೆ ಹೇಳು. ಎಲ್ಲರಿಗೂ ಕಂಪನಿಯ ಕುರ್ಚಿ ಇವೆ. ಎಲ್ಲವೂ ಒಂದೇ ಥರ. ಮಾಮೂಲಿ ಕುರ್ಚಿ.

ಈಗ ಕೆಲಸ ಜಾಸ್ತಿ.

ಅಕ್ಕ


ಮಾರ್ಚ್ 25

ಅಕ್ಕಾ,

ಇದನ್ನು ಹಾಲಿನಲ್ಲಿ ಕೂತು ಬರೆಯುತ್ತಿದ್ದೇನೆ, ಊಟದ ಬಿಡುವಿನಲ್ಲಿ. ಅಮ್ಮನಿಗೆ ಗೊತ್ತಿಲ್ಲ.

ನಿನ್ನ ಕಾಗದ ಬರುವ ಹೊತ್ತಿಗೆ ಐದು ದಿಂಬೂ ಮುಗಿದಿದ್ದವು. ಅಳತೆ ಯಾಕೆ, ಕುರ್ಚಿ ಅಂದ ಮೇಲೆ ಕುರ್ಚಿಯಷ್ಟೇ ಇರುತ್ತದೆ ಅಂತ ಎದುರುಮನೆಯವರ ಕುರ್ಚಿಗೆ ಅಳೆದುಕೊಂಡು ಹೊಲಿದಿದ್ದಾಳೆ. ನಿನ್ನೆ ಪಾರ್ಸೆಲ್ ಕಳಿಸಿಯೂ ಬಿಟ್ಟಳು. ತಡೆಯಲು ನೋಡಿದೆ, ಆಗಲಿಲ್ಲ.

ಒಂದು ಮಾತು ಕೇಳಲಾ? ಸಿಟ್ಟಾಗಬೇಡ.

ನಿನ್ನ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಯಾರಿಗೆ ಎಂಥ ಕುರ್ಚಿ ಇರಬಹುದು ಅಂತ ಹುಡುಕಲು. ಐದು ಜನ ನಗುತ್ತಾರೆ, ಕೆಮ್ಮುತ್ತಾರೆ, ಹ್ಞೂಂಗುಟ್ಟುತ್ತಾರೆ, ಅಳುತ್ತಾರೆ. ಆದರೆ ಒಬ್ಬರಿಗೂ ಅಂಗಿಯ ಬಣ್ಣವಿಲ್ಲ. ಒಬ್ಬರೂ ನೀರು ಕುಡಿಯುವುದಿಲ್ಲ. ಛತ್ರಿ ತರುವುದಿಲ್ಲ. ಕಿಟಕಿ ಪಕ್ಕ ಯಾರು, ಬಾಗಿಲ ಪಕ್ಕ ಯಾರು, ಗೊತ್ತಿಲ್ಲ. ಸಾಹೇಬರು ದಪ್ಪಗಿದ್ದಾರಾ ಅಂತ ಅಮ್ಮ ಕೇಳಿದ್ದಕ್ಕೂ ನೀನು ಉತ್ತರ ಕೊಡಲಿಲ್ಲ.

ನನಗೆ ನಮ್ಮ ಹಾಲಿನವರ ಮಾತು ಗೊತ್ತಿಲ್ಲ. ಅವರು ನನ್ನ ಹತ್ತಿರ ಮಾತಾಡುವುದೂ ಇಲ್ಲ. ಆದರೆ ಯಾರ ಕುರ್ಚಿ ಯಾವ ಕಡೆ ತಿರುಗಿರುತ್ತದೆ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. ನಿನಗೆ ನಿನ್ನವರ ಗಂಟಲು ಗೊತ್ತು, ಕುರ್ಚಿ ಗೊತ್ತಿಲ್ಲ.

ಅಕ್ಕಾ, ಆ ಐದು ಜನ ನಿನ್ನ ಹೆಡ್‌ಫೋನಿನ ಒಳಗಿನವರಾ?

ಮೂಗಿ


ಏಪ್ರಿಲ್ 11

ಅಕ್ಕಾ,

ಎರಡು ವಾರ ದಾಟಿತು, ನಿನ್ನಿಂದ ಏನೂ ಇಲ್ಲ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಕೇಳಬಾರದ್ದನ್ನು ಕೇಳಿದೆನೇನೋ.

ಅಮ್ಮ ದಿನಾ "ದಿಂಬು ತಲುಪಿತಂತಾ?" ಅನ್ನುತ್ತಿದ್ದಳು. ತಡೆಯಲಾರದೆ ಮೊನ್ನೆ ಒಂದು ಖಾಲಿ ಹಾಳೆ ಹಿಡಿದುಕೊಂಡು ನಿನ್ನ ಕಾಗದ ಅಂತ ಓದಿದೆ. ಸಾಹೇಬರು ದಿಂಬಿನ ಮೇಲೆ ಕೂತು "ನೋಡಿ ಇವರೇ, ಇಷ್ಟು ದಿನ ಕಲ್ಲಿನ ಮೇಲೆ ಕೂತಿದ್ದೆನಾ?" ಅಂದರು, ಹುಡುಗಿ ನೆರಿಗೆ ಮುಟ್ಟಿ ಮುಟ್ಟಿ ನೋಡಿದಳು, ಅಂತೆಲ್ಲ. ನೀನು ಇದ್ದಿದ್ದರೆ ನನ್ನನ್ನು ಮೂಗಿ ಅನ್ನುತ್ತಿರಲಿಲ್ಲ. ಅಮ್ಮ ಹಾಳೆ ಈಸಿಕೊಂಡಳು. ಅವಳಿಗೆ ಓದಲು ಬರುವುದಿಲ್ಲ ಅಂದರೂ ಖಾಲಿ ಹಾಳೆ ಯಾವುದು ಅಂತ ಗೊತ್ತಾಗುತ್ತದಲ್ಲ. ಎರಡೂ ಕಡೆ ತಿರುಗಿಸಿ ನೋಡಿದಳು. ಮಡಿಚಿ ವಾಪಸ್ ಕೊಟ್ಟಳು. "ಚೆನ್ನಾಗಿ ಬರೆದಿದಾಳೆ" ಅಂದಳು.

ಅವತ್ತಿನಿಂದ ಏನೂ ಕೇಳಿಲ್ಲ. ಕೇಳುತ್ತಿದ್ದಾಗಲೇ ವಾಸಿ ಇತ್ತು.

ಹಾಲಿನಲ್ಲಿ ಹಲಗೆ ಬರುವುದು ನಿಂತಿದೆ. ಸಾರ್ ಮೂಲೆಯ ಕುರ್ಚಿಗಳನ್ನು ಈಚೆ ತರಿಸಿ ಇನ್ನೊಂದು ಉದ್ದ ಮೇಜು ಹಾಕಿಸಿದ್ದಾರೆ. ನಿನ್ನ ಬಗ್ಗೆ ಹೇಳಿದೆ, ಬಾಯಿಂದಲೇ. "ಬರಲಿ, ಕೂರಲಿ" ಅಂದರು. ಹೆಡ್‌ಫೋನ್ ಹಾಕಿಕೊಂಡು ಮಾಡುವ ಕೆಲಸ ಅಂದಿದ್ದೆಯಲ್ಲ, ಇಲ್ಲೇ ಬಂದು ಮಾಡಬಾರದಾ?

ಏನಾದರೂ ಬರಿ. ಬೈದಾದರೂ ಬರಿ.

ಮೂಗಿ


ಏಪ್ರಿಲ್ 23

ಮೂಗೀ,

ಹೌದು.

ಐದೂ ಜನ ಹೆಡ್‌ಫೋನಿನವರೇ. ಆಫೀಸು ತೆರೆದಿಲ್ಲ. ಎರಡು ವರ್ಷದಿಂದ ಇದೇ ರೂಮು, ಇದೇ ಗೋಡೆ, ಇದೇ ಕುರ್ಚಿ. ರೆಕಾರ್ಡಿನಲ್ಲಿ ಅವರಿಗೆ ಹೆಸರಿಲ್ಲ, ನಂಬರು. ಒಂದು, ಎರಡು, ಮೂರು, ನಾಲ್ಕು, ಐದು. ಟೈಪ್ ಮಾಡುವಾಗ ನಾನು ಹಾಗೇ ಬರೆಯಬೇಕು. ಹುಡುಗಿ ಐದು.

ಸುಳ್ಳು ಹೇಳಬೇಕು ಅಂತ ಶುರು ಮಾಡಿದ್ದಲ್ಲ. ಅಮ್ಮ "ಮನೇಲೇ ಇದಾಳೆ" ಅಂದದ್ದನ್ನು ಎದುರುಮನೆಯವರು ಹೇಗೆ ತಿಳಿದುಕೊಂಡರು ಅಂತ ನಿನ್ನ ಕಾಗದದಲ್ಲಿ ಓದಿದ ಮೇಲೆ ನನಗೇ ಆ ಮಾತು ಅಂಟಿಕೊಂಡಿತು. ಒಂದು ಸಲ ಬರೆದ ಮೇಲೆ ಅದು ಸುಳ್ಳು ಅನ್ನಿಸಲೂ ಇಲ್ಲ. ದಿನಕ್ಕೆ ಎಂಟು ಗಂಟೆ ದನಿಗಳ ಜೊತೆಗೇ ಇರುತ್ತೇನೆ, ವಾರ ತಪ್ಪದೆ ಕೇಳುವುದು ಇವರನ್ನೇ. ಎರಡನೆಯವರ ಮಗನಿಗೆ ಪರೀಕ್ಷೆ ಯಾವಾಗ ಅಂತ ನನಗೆ ಗೊತ್ತು. ಮೂರನೆಯವರಿಗೆ ಮಂಡಿ ನೋವು ಅಂತಲೂ ಗೊತ್ತು. ಅವರಿಗೆ ನಾನಿದ್ದೇನೆ ಅಂತ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ.

ನಿಮ್ಮ ಹಾಲಿಗೆ ಬರಲು ಆಗುವುದಿಲ್ಲ. ಆಫೀಸು ಮುಚ್ಚಿದಾಗ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕೆಲಸ ಮಾಡುವ ರೂಮಿನಲ್ಲಿ ಬೇರೆ ಯಾರೂ ಇರಕೂಡದು, ಬಾಗಿಲು ಹಾಕಿರಬೇಕು, ಮೀಟಿಂಗಿನ ಮಾತು ಹೊರಗೆ ಹೋಗಕೂಡದು. ಅಮ್ಮ ನೀನು ಇರುವ ಒಂದೇ ಕೋಣೆಯಲ್ಲಿ ಅದು ಹೇಗೆ ಆಗುತ್ತದೆ? ಅದಕ್ಕೇ ಇಲ್ಲೇ ಉಳಿದದ್ದು. ಆ ಸಹಿ ಮುರಿದರೆ ಕೆಲಸ ಇಲ್ಲ. ನಿನಗೆ ಇಷ್ಟೆಲ್ಲ ಬರೆದದ್ದೂ ತಪ್ಪೇ.

ಹುಡುಗಿ ಯಾಕೆ ಅತ್ತಳು ಅಂತ ನಾನು ಹೇಳಿರಲಿಲ್ಲ. ಅವಳು ಕೇಳಿದ್ದು ಇಷ್ಟು: "ಕ್ಷಮಿಸಿ, ಮನೇಲಿ ಕೂತು ಕೆಲಸ ಮಾಡೋರನ್ನ ಯಾರಾದ್ರೂ ಒಂದ್ಸಲ ಕೇಳಿದೀವಾ?" ಸಾಹೇಬರು ಹೇಳಿದರು: "ನೋಡಿ ಇವರೇ, ಎರಡು ವರ್ಷದಲ್ಲಿ ಒಬ್ಬರೂ ದೂರು ಕೊಟ್ಟಿಲ್ಲ. ಆರಾಮಾಗಿದಾರೆ. ಇಲ್ಲದ ಹುಣ್ಣು ಕೆರೀಬೇಡಿ." ಅವಳು ಬಿಡಲಿಲ್ಲ. ಅವರು ಬೈದರು. ಎರಡನೆಯವರು ನಕ್ಕರು. ಅವಳು ಅತ್ತಳು. ನಾನು ಟೈಪ್ ಮಾಡಿದೆ: ಅಳು. ಮೌನ, ಹನ್ನೊಂದು ಸೆಕೆಂಡ್.

ಅವಳು ಕೇಳುತ್ತಿದ್ದದ್ದು ನನ್ನ ಬಗ್ಗೆ, ಮೂಗೀ. ಅಮ್ಮ ಬೈದದ್ದು ಸರಿ.

ದಿಂಬು ಬಂದವು. ಇರುವುದು ಒಂದೇ ಕುರ್ಚಿ. ಐದನ್ನೂ ಒಂದರ ಮೇಲೊಂದು ಇಟ್ಟು ಹತ್ತಿ ಕೂತೆ. ಕಾಲು ನೆಲಕ್ಕೆ ಎಟಕಲಿಲ್ಲ. ನಗು ಬಂತು. ರೂಮಿನಲ್ಲಿ ಯಾರೋ ನಕ್ಕ ಹಾಗೆ ಕೇಳಿಸಿ ಬೆಚ್ಚಿದೆ. ಎಷ್ಟು ದಿನದಿಂದ ನನ್ನ ದನಿ ನಾನೇ ಕೇಳಿರಲಿಲ್ಲವೋ ಲೆಕ್ಕ ಹಾಕಿದೆ. ಸಿಗಲಿಲ್ಲ. ಫೋನ್ ಬೇಡ ಅಂದದ್ದು ಕಿವಿ ನೋವಿಗೆ ಮಾತ್ರ ಅಲ್ಲ. ಎತ್ತಿದರೆ ಮಾತು ಹೊರಡುತ್ತದೋ ಇಲ್ಲವೋ ಅನ್ನುವ ಹೆದರಿಕೆ.

ಅಮ್ಮನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ಅಕ್ಕ


ಮೇ 2

ಅಕ್ಕಾ,

ಅಮ್ಮನಿಗೆ ಪೂರ್ತಿ ಓದಿದೆ, ಒಂದು ಸಾಲೂ ಬಿಡದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸೂಜಿಗೆ ದಾರ ಪೋಣಿಸಲು ಕೂತಳು, ಪೋಣಿಸುತ್ತಲೇ ಇದ್ದಳು. ಕೊನೆಗೆ ನಾನೇ ಈಸಿಕೊಂಡು ಪೋಣಿಸಿದೆ. ಸಂಜೆ ಎದುರುಮನೆ ಆಂಟಿ ಬಂದು "ದೊಡ್ಡವಳು ಆಫೀಸಿಗೆ ಹೋಗ್ತಾ ಇದಾಳಾ?" ಅಂತ ಕೇಳಿದರು. "ಅವಳ್ಯಾಕೆ ಹೋಗ್ಬೇಕು? ಇಡೀ ಆಫೀಸು ಅವಳ ಕಿವೀಲೇ ಇದೆ" ಅಂದಳು ಅಮ್ಮ. ಆಂಟಿಗೆ ಏನೂ ತಿಳಿಯಲಿಲ್ಲ. ಅವರು ಹೋದ ಮೇಲೆ ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು.

ನನಗೆ ಹೆಚ್ಚು ತಿಳಿಯುವುದಿಲ್ಲ. ಒಂದು ಮಾತ್ರ ಅನ್ನಿಸಿತು, ಅದನ್ನು ಬರೆಯುತ್ತೇನೆ.

ಒಬ್ಬರೂ ದೂರು ಕೊಟ್ಟಿಲ್ಲ ಅಂತ ನಿಮ್ಮ ಸಾಹೇಬರು ಹೇಳುತ್ತಾರೆ. ನಮ್ಮ ಹಾಲಿನ ಮೂಲೆ ಕುರ್ಚಿಗಳೂ ದೂರು ಕೊಟ್ಟಿರಲಿಲ್ಲ. ನೀನು ಟೈಪ್ ಮಾಡಿ ಕಳಿಸಿದ್ದನ್ನು ಅವರು ಓದುತ್ತಾರಲ್ಲವಾ? ಎಲ್ಲರೂ? ಹಾಗಾದರೆ ಅವರ ಮೇಜಿನ ಮೇಲೆ ಹೋಗಿ ಬೀಳುವ ಕಾಗದ ನಿನ್ನ ಕೈಯಲ್ಲೇ ಇದೆ. ನಾನಾದರೆ ಚಿತ್ರವನ್ನು ಇಟ್ಟು ಓಡಿಬರಬೇಕಾಯಿತು. ನೀನು ಓಡಬೇಕಾಗಿಯೂ ಇಲ್ಲ.

ಕೆಲಸ ಹೋದರೆ ಹೋಗಲಿ ಅಂತ ನಾನು ಹೇಳಲಾರೆ. ಅದು ನಿನ್ನದು. ಆದರೆ ಇಷ್ಟು ದೂರದಿಂದ ಒಂದು ಲೋಟ ನೀರು ಹೇಗೆ ಕೊಡುವುದು ಅಂತ ಯೋಚಿಸಿದರೆ ನನಗೆ ಬೇರೆ ದಾರಿ ಕಾಣಲಿಲ್ಲ.

ಮೂಗಿ


ಮೇ 21

ಮೂಗೀ,

ಮಾಡಿದೆ.

ಈ ತಿಂಗಳ ಎಂಟನೇ ತಾರೀಕಿನ ರೆಕಾರ್ಡಿನಲ್ಲಿ ಸಾಹೇಬರು ಮತ್ತೆ ಅದೇ ಮಾತು ಹೇಳಿದರು. "ಜಾಗ ಗೀಗ ಏನೂ ಬೇಡ. ಮನೇಲಿರೋರು ಮನೇಲಿ ಸುಖವಾಗಿದಾರೆ. ಈ ವಿಷಯ ಇಲ್ಲಿಗೆ ಮುಗೀತು. ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?" ಅಂದರು. ಯಾರೂ ಏನೂ ಹೇಳಲಿಲ್ಲ. ಹುಡುಗಿಯೂ ಹೇಳಲಿಲ್ಲ. ಉಸಿರು ಎಳೆದುಕೊಂಡದ್ದು ಮಾತ್ರ ಕೇಳಿಸಿತು.

ಮೌನ ಅಂತ ಟೈಪ್ ಮಾಡಬೇಕಿತ್ತು. ಕೈ ಅಲ್ಲೇ ನಿಂತಿತು. ರೆಕಾರ್ಡನ್ನು ಹಿಂದಕ್ಕೆ ತಂದು ಮತ್ತೆ ಕೇಳಿದೆ. ಸಾಹೇಬರು ಮತ್ತೆ ಕೇಳಿದರು, ಯಾರಾದ್ರೂ ಏನಾದ್ರೂ ಹೇಳೋದಿದ್ಯಾ? ನಾಲ್ಕನೇ ಸಲ ಕೇಳಿದಾಗ ನನ್ನನ್ನೇ ಕೇಳುತ್ತಿದ್ದಾರೆ ಅನ್ನಿಸಿತು. ಮೌನದ ಜಾಗದಲ್ಲಿ ಹೀಗೆ ಬರೆದೆ:

ಆರು: ನಾನು ಇದೀನಿ. ನಾನು ಸುಖವಾಗಿಲ್ಲ.

ಕಳಿಸಿಬಿಟ್ಟೆ. ಕಳಿಸಿದ ಮೇಲೆ ಹೋಗಿ ಬಾಗಿಲ ಚಿಲಕ ಸರಿಯಾಗಿದೆಯಾ ಅಂತ ನೋಡಿದೆ, ಯಾರೋ ಈಗಲೇ ಬಂದು ತಟ್ಟುತ್ತಾರೆ ಅನ್ನುವ ಹಾಗೆ. ಯಾರೂ ಬರಲಿಲ್ಲ. ಒಂದು ವಾರ ಏನೂ ಇಲ್ಲ. ಬೇರೆ ಬೇರೆ ರೆಕಾರ್ಡು ಬಂದವು, ಟೈಪ್ ಮಾಡಿದೆ.

ಮೊನ್ನೆ ಇವರ ಮೀಟಿಂಗ್ ಬಂತು. ಶುರುವಿನಲ್ಲೇ ಸಾಹೇಬರು: "ನೋಡಿ ಇವರೇ, ಹೋದ ಸಲದ ವರದಿಯಲ್ಲಿ ಆರು ಅಂತ ಯಾರೋ ನುಗ್ಗಿದಾರೆ. ಯಾರದು?" ಹ್ಞೂಂಗುಟ್ಟುವವರು ಮೊದಲ ಸಲ ಹ್ಞೂ ಅನ್ನಲಿಲ್ಲ. ಹಿರಿಯರು ಗಂಟಲು ಸರಿಮಾಡಿಕೊಂಡರು. ಆಮೇಲೆ, ನೀನು ನಂಬುವುದಿಲ್ಲ, "ಟೈಪ್ ಮಾಡೋರಿರಬೇಕು. ಅವರೂ ಮನೇಲೇ ಕೂತಿರ್ತಾರಲ್ಲ" ಅಂದರು. ನಗುವ ಮೇಡಂ ನಗಲಿಲ್ಲ. ಸಾಹೇಬರು "ಅದನ್ನ ತೆಗೆದುಹಾಕ್ಸಿ. ಯಾರು ಅಂತ ಪತ್ತೆ ಮಾಡ್ಸಿ" ಅಂದರು. ಬೇರೆ ವಿಷಯಕ್ಕೆ ಹೋದರು. ನಲವತ್ತು ನಿಮಿಷ. ಒಂದು ಮಾತು ಬಿಡದೆ ಟೈಪ್ ಮಾಡಿದೆ. ಪತ್ತೆ ಮಾಡ್ಸಿ ಅನ್ನುವುದನ್ನೂ.

ಮೀಟಿಂಗ್ ಮುಗಿಯಿತು. ಕುರ್ಚಿಗಳನ್ನು ಎಳೆದ ಸದ್ದು. ನಾಲ್ಕು ಸದ್ದು, ಮೂಗೀ. ಇಷ್ಟು ದಿನ ನಾನು ಕುರ್ಚಿಯ ಸದ್ದು ಕೇಳಿಸಿಕೊಂಡೇ ಇರಲಿಲ್ಲ. ಬಾಗಿಲು ಹಾಕಿಕೊಂಡಿತು. ರೆಕಾರ್ಡು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಐದನೆಯವಳು ಹೋಗಿರಲಿಲ್ಲ. ಮೈಕಿನ ಹತ್ತಿರ ಬಂದಳು, ಉಸಿರು ಕಿವಿಗೇ ತಾಗಿದ ಹಾಗಾಯಿತು.

"ಕ್ಷಮಿಸಿ. ನೀವು ಯಾರು ಅಂತ ಗೊತ್ತಿಲ್ಲ. ನಿಮಗೇನು ಬೇಕು ಅಂತ ಹೇಳ್ತೀರಾ? ನಾನು ಬರ್ಕೋತೀನಿ."

ಅಂದು ಸುಮ್ಮನಾದಳು. ಅದು ಮೂರು ದಿನದ ಹಿಂದಿನ ದನಿ, ನಾನು ಏನು ಹೇಳಿದರೂ ಅವಳಿಗೆ ಕೇಳುವುದಿಲ್ಲ ಅಂತ ನನಗೆ ಗೊತ್ತು. ಆದರೂ ಹೆಡ್‌ಫೋನ್ ಒಂದು ಕಡೆ ಸರಿಸಿ, ಬಾಯಿ ಬಿಟ್ಟೇ ಹೇಳಿದೆ. ದನಿ ಒಡೆದ ಮಡಕೆಯ ಹಾಗಿತ್ತು. ವಾರದಲ್ಲಿ ಎರಡು ದಿನವಾದರೂ ಪಕ್ಕದಲ್ಲಿ ಒಬ್ಬರು ಕೂತಿರಬೇಕು ಅಂದೆ. ಅವರು ಮಾತಾಡದಿದ್ದರೂ ಪರವಾಗಿಲ್ಲ ಅಂದೆ. ಕೆಮ್ಮಿದರೆ ತಲೆಯೆತ್ತಿ ನೋಡುವಷ್ಟು ಹತ್ತಿರ ಇದ್ದರೆ ಸಾಕು ಅಂದೆ. ಸಹಿ ಹಾಕಿಸಿಕೊಂಡ ಕಾಗದ ವಾಪಸ್ ತಗೊಳ್ಳಿ ಅಂದೆ. ಇನ್ನೂ ಏನೇನೋ ಹೇಳಿದೆ. ಅವಳು ಕಾಯುತ್ತಲೇ ಇದ್ದಳು. ನನ್ನ ಮಾತು ಮುಗಿಯಿತು.

"ಸರಿ" ಅಂದಳು. ರೆಕಾರ್ಡು ನಿಂತಿತು.

ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಆಮೇಲೆ ಅವಳ ಮಾತು ಟೈಪ್ ಮಾಡಿದೆ. ಕೆಳಗೆ ನನ್ನ ಮಾತು, ಒಂದಕ್ಷರ ಬಿಡದೆ. ಆರು ಅಂತ ಬರೆದಿದ್ದೆ, ಅಳಿಸಿದೆ. ಪತ್ತೆ ಮಾಡಿಸುವ ಕಷ್ಟ ಅವರಿಗೆ ಯಾಕೆ? ಅಲ್ಲಿ ನನ್ನ ಹೆಸರು ಬರೆದು ಕಳಿಸಿದೆ.

ಅಕ್ಕ